ಜಯಕುಮಾರ್ ಮೇಷ್ಟ್ರ ಕಾರಿನ ಬೀಡಿಂಗು

ಜಯಕುಮಾರ್ ಮೇಷ್ಟ್ರ ಬಿಳಿ ಕಾರಿಗೆ ಇದ್ದ ಕೊರತೆ ಒಂದೇ. ಹಿಂದಿನ ಗಾಜಿನ ಸುತ್ತಲ ರಬ್ಬರ್ ಬೀಡಿಂಗು ಒಂದು ಕಡೆ ಕಿತ್ತು ಬಂದು ಎಮ್ಮೆಯ ಬಾಲದಂತೆ ಜೋತಾಡುತ್ತಿತ್ತು. ಮೂರು ವರ್ಷ ಜೋತಾಡಿದರೂ ಮೇಷ್ಟ್ರು ತಲೆ ಕೆಡಿಸಿಕೊಂಡವರಲ್ಲ. ಇವತ್ತು ಕೆಡಿಸಿಕೊಳ್ಳಲೇಬೇಕಿತ್ತು. ಸಂಜೆ ನಾಲ್ಕಕ್ಕೆ ಶಿರಾ ಕಡೆಯ ಗೌಡಗೆರೆಯಿಂದ ಅಡವಯ್ಯ ಎಂಬುವರು ಕಾರು ಕೊಳ್ಳಲು ಬರುವವರಿದ್ದರು. ಇದು ಹೋದರೆ ನಾಳೆ ಹೊಸ ಕಾರು ಮನೆಗೆ. ಪೂಜೆಯ ಹೊತ್ತು ಗೊತ್ತಾಗಿತ್ತು, ಚಕ್ರದ ಕೆಳಗಿಡುವ ನಾಲ್ಕು ನಿಂಬೆಹಣ್ಣೂ ಬಂದಿದ್ದವು.

“ಮೊದ್ಲು ಇದು ಹೋಗ್ಲಿ, ಆಮೇಲೆ ನಿಂಬೆಹಣ್ಣು ತರಬೋದಿತ್ತು ಕಣ್ರೀ,” ಎಂದಳು ಹೆಂಡತಿ ಮಧುಶ್ರೀ.

“ಐದು ನಿಮಿಷದ ಕೆಲ್ಸ ಕಣೇ. ನಾನಿದೀನಲ್ಲ!”

ಐದು ನಿಮಿಷದಲ್ಲಿ ಮೇಷ್ಟ್ರು ತಂದಿದ್ದ ಟ್ಯೂಬಿನ ಅಂಟು ತನ್ನ ಕೆಲಸ ಮಾಡಿತ್ತು. ಬೀಡಿಂಗು ಅಂಟಿರಲಿಲ್ಲ, ಮೇಷ್ಟ್ರ ಎರಡು ಬೆರಳು ಅಂಟಿದ್ದವು. ನಶ್ಯ ಹಿಡಿದವರಂತೆ ಕೈ ಎತ್ತಿಕೊಂಡು ನಿಂತ ಅವರನ್ನು ಕಂಡು ಎದುರುಮನೆ ಓಬಳಮ್ಮ ಕೂಗಿದಳು: “ಗೋಣಿಚೀಲ ಹೊಲಿಯೋ ದಬ್ಬಳ ಐತೆ, ಆ ರಬ್ಬರ್ ಹೊಲಿಯಾಕೆ ಕೊಡ್ಲಾ ಮೇಷ್ಟ್ರೇ?”

ಮೇಷ್ಟ್ರು ಹಾಗೇ ಕೈ ಎತ್ತಿಕೊಂಡು ಮಧುಗಿರಿಯ ಅಂಗಡಿಗಳನ್ನೆಲ್ಲ ಸುತ್ತಿದರು. ಆ ಮಾಡೆಲ್ಲಿನ ಬೀಡಿಂಗು ಬರುವುದೇ ನಿಂತಿದೆ ಎಂದರು ಎಲ್ಲರೂ. ಬೆವರಿಳಿಸಿಕೊಂಡು ವಾಪಸು ಬಂದಾಗ ಪಕ್ಕದ ಮನೆಯ ಪೆದ್ದಣ್ಣ, ನಿವೃತ್ತ ಬಸ್ ಡ್ರೈವರ್, ಜಗಲಿಯಿಂದ ಎದ್ದ.

“ಬುಡಿ ಮೇಷ್ಟ್ರೇ, ನಂದೂ ಇದೇ ಕಾರಲ್ವಾ? ಹೋದ್ ತಿಂಗ್ಳು ತೆಂಗಿನ್ಕಾಯಿ ಬಿದ್ದು ಹಿಂದಿನ ಗಾಜು ಒಡೆದೋಯ್ತಲ್ಲ, ಆಗ ಹೆಂಗೋ ಹುಡ್ಕಿ ಹೊಸಾ ಬೀಡಿಂಗು ಹಾಕ್ಸಿವ್ನಿ. ಅದ್ನ ನೀವ್ ಹಾಕ್ಕಳಿ, ನಿಮ್ಮ ಹಳೇದು ನನಗಿರ್ಲಿ. ನನ್ ಕಾರ್ನ ಯಾರು ನೋಡ್ಬೇಕು?”

ಇಬ್ಬರೂ ಸೇರಿ ಬದಲಾಯಿಸಿದರು. ಮೇಷ್ಟ್ರ ಕಾರಿನ ಹಿಂಭಾಗ ಮದುಮಗನಂತೆ ಮಿಂಚಿತು. “ಇನ್ನು ಬೇಡ ಅನ್ನೋ ಗಂಡಸು ಹುಟ್ಟಿಲ್ಲ!” ಎಂದರು ಮೇಷ್ಟ್ರು.

ನಾಲ್ಕಕ್ಕೆ ಸರಿಯಾಗಿ ಬಂದ ಅಡವಯ್ಯ ಮೂವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದ ಆಸಾಮಿ. ಎಂಜಿನ್ ನೋಡಲಿಲ್ಲ. ಸೀದಾ ಹಿಂದಕ್ಕೆ ಹೋಗಿ ಬೀಡಿಂಗಿನ ಮೇಲೆ ಉಗುರು ಎಳೆದರು.

“ಮೇಷ್ಟ್ರೇ, ಕೊಂಬು ಹೆರೆದು ಎಣ್ಣೆ ಹಚ್ಚಿದ ಎತ್ತು ಬಂದ್ರೆ ನಾವು ಮೊದ್ಲು ಹಲ್ಲು ನೋಡ್ತೀವಿ. ಕಾರೆಲ್ಲಾ ಮುದಿಯಾಗೈತೆ, ರಬ್ಬರ್ ಮಾತ್ರ ಎಳೇ ಕರು! ಹಿಂದ್ಗಡೆ ಗುದ್ಸಿ ಗಾಜು ಬದ್ಲಾಯ್ಸಿದೀರ, ಹೌದಾ?”

ಬೇರೆಯವರ ಕಾರಿನಿಂದ ಬಿಚ್ಚಿ ಹಾಕಿದ್ದು ಎಂದರೆ ಮಾನ ಇನ್ನೂ ಹೋಗುತ್ತದೆ. ಮೇಷ್ಟ್ರ ಸ್ಥಿತಿ ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು. ಅಷ್ಟರಲ್ಲಿ ಅಡವಯ್ಯನವರ ಕಣ್ಣು ಪಕ್ಕದಲ್ಲಿ ನಿಂತಿದ್ದ ಪೆದ್ದಣ್ಣನ ಕಾರಿನತ್ತ ಹೊರಳಿತು.

“ಇದ್ಯಾರ್ದು? ನೋಡ್ರಿ, ರಬ್ಬರ್ ಕಿತ್ತೋಗಿ ನೇತಾಡ್ತಾ ಐತೆ. ಕಂಪ್ನಿಯಿಂದ ಬಂದಾಗಿಂದ ಈ ಗಾಜಿಗೆ ಒಬ್ರೂ ಕೈ ಇಟ್ಟಿಲ್ಲ. ಇದು ಮಾಲು ಅಂದ್ರೆ!”

ಅರ್ಧ ಗಂಟೆಯಲ್ಲಿ ಮಾತು ಮುಗಿಯಿತು. ಮೇಷ್ಟ್ರ ಹಳೇ ಬೀಡಿಂಗನ್ನು ಬಾಲದಂತೆ ಆಡಿಸುತ್ತ ಪೆದ್ದಣ್ಣನ ಕಾರು ಗೌಡಗೆರೆಯ ದಾರಿ ಹಿಡಿಯಿತು. ಮೇಷ್ಟ್ರಿಗೆ ಅಳು ಬಂದಿತ್ತು, ಒರೆಸಿಕೊಳ್ಳೋಣವೆಂದರೆ ಬೆರಳು ಇನ್ನೂ ಬಿಟ್ಟಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪೆದ್ದಣ್ಣ ತಲೆ ಕೆರೆಯುತ್ತ ಬಾಗಿಲಲ್ಲಿ ನಿಂತ.

“ತಪ್ಪು ತಿಳ್ಕಾಬ್ಯಾಡಿ ಮೇಷ್ಟ್ರೇ. ಕಾರಿಲ್ದೆ ಮನೆ ಮುಂದೆ ಬಿಕೋ ಅಂತೈತೆ. ನೀವು ನೋಡಿದ್ದ ಹೊಸಾ ಕಾರ್ನ ನಾಳೆ ನಾನೇ ತತ್ತೀನಿ. ಆ ನಿಂಬೆಹಣ್ಣು ಹೆಂಗೂ ಸುಮ್ನೆ ಅವಲ್ಲ?”

ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಮಧುಶ್ರೀ ನಾಲ್ಕು ನಿಂಬೆಹಣ್ಣನ್ನೂ ತಂದು ಪೆದ್ದಣ್ಣನ ಕೈಗಿಟ್ಟಳು. ಪೂಜೆಯ ಹೊತ್ತನ್ನೂ ಹೇಳಿ ಕಳಿಸಿದಳು.