ಮೂರನೇ ಅಧ್ಯಾಯ

ಕೆಳಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಬೆಳಗ್ಗೆಯಿಂದ ನಲ್ಲಿ ತೊಟ್ಟಿಕ್ಕುತ್ತಿತ್ತು. ಬೇರೆ ಮನೆಯಾಗಿದ್ದರೆ ನಲ್ಲಿ ರಿಪೇರಿಯವನನ್ನು ಕರೆಯುತ್ತಿದ್ದರು. ಇಲ್ಲಿ ಮಹಡಿ ಮೇಲೆ ಮೇಷ್ಟ್ರೇ ಬಾಡಿಗೆಗಿದ್ದರಲ್ಲ, ಕೊಳವೆಯಲ್ಲಿ ನೀರು ಹರಿಯುವ ಬಗೆಯನ್ನು ಏಳು ವರ್ಷ ಓದಿ ಪಿಎಚ್.ಡಿ. ಪಡೆದವರು!

ಅಷ್ಟು ಓದಿದವರು ಈ ಸಣ್ಣ ಊರಿನ ಕಾಲೇಜಿಗೆ ಯಾಕೆ ಬಂದರೆಂದು ಬೀದಿಯವರೆಲ್ಲ ಕೇಳಿದ್ದುಂಟು. ಇಲ್ಲಿನ ಮಕ್ಕಳಿಗೂ ವಿದ್ಯೆ ಮುಟ್ಟಲಿ ಅಂತ, ಎಂದು ಮೇಷ್ಟ್ರು ಕಣ್ಣು ಅರೆಮುಚ್ಚಿ ಹೇಳುತ್ತಿದ್ದರು. ನಿಜ ಬೇರೆಯೇ ಇತ್ತು. ತಮ್ಮ ಪ್ರಬಂಧದ ಮೂರನೇ ಅಧ್ಯಾಯವನ್ನು ಅವರು ಗ್ರಂಥಾಲಯದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಯಾರದೋ ಹಳೆಯ ಪ್ರಬಂಧದಿಂದ ಅನಾಮತ್ತಾಗಿ ಎತ್ತಿದ್ದರು. ಮಹಾನಗರದಲ್ಲಿ ಅದನ್ನು ಓದಿ ಕಳವು ಹಿಡಿಯಬಲ್ಲವರು ಕಾಲಿಗೊಬ್ಬರು ಕೈಗೊಬ್ಬರು. ಇಲ್ಲಿ ಒಬ್ಬನೂ ಇಲ್ಲ. ಹಾಳೂರಿಗೆ ಉಳಿದವನೇ ಗೌಡ. ನೆನೆದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಆದರೂ ಅಜ್ಜಿ ಆ ಪ್ರಬಂಧವನ್ನು ಕೇಳಿ ಪಡೆದು ತಮ್ಮ ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಾಗ ಬೇಡವೆನ್ನಲಿಲ್ಲ.

ಈಗ ಅಜ್ಜಿ ಕರೆದಾಗ ನಲ್ಲಿ ರಿಪೇರಿ ತಮಗೆ ಬರುವುದಿಲ್ಲ ಎನ್ನಲೂ ಬಾಯಿ ಬರಲಿಲ್ಲ. ಎಡಕ್ಕೆ ತಿರುವಿದರು, ಬಲಕ್ಕೆ ತಿರುವಿದರು. ಇನ್ನೂ ಜೋರಾಗಿ ಎಂದು ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಹುರಿದುಂಬಿಸಿದರು. ನಲ್ಲಿ ಬುಡಸಮೇತ ಕೈಗೆ ಬಂತು. ಮೇಷ್ಟ್ರ ಮುಖ, ಅಜ್ಜಿಯ ಹಿಟ್ಟಿನ ಡಬ್ಬ, ಗುಮಾಸ್ತರ ಕನ್ನಡಕ ಒಂದೂ ಉಳಿಯಲಿಲ್ಲ, ಎಲ್ಲ ತೊಯ್ದು ತೊಪ್ಪೆ. ಅಂಗೈಯಿಂದ ತೂತು ಮುಚ್ಚಿಕೊಂಡು ಮೇಷ್ಟ್ರು ನೆನೆದ ಬೆಕ್ಕಿನಂತೆ ನಿಂತರು. ಬೀದಿಗೆ ಬೀದಿಯೇ ಬಾಗಿಲಲ್ಲಿ ನೆರೆಯಿತು.

ಕೊನೆಗೆ ಗುಮಾಸ್ತರೇ ಓಡಿ ರಿಪೇರಿಯವನನ್ನು ಕರೆತಂದರು. ಹರಕು ಚಪ್ಪಲಿಯ, ನರೆಗೂದಲಿನ ಆಸಾಮಿ. ಮೊದಲು ಗೇಟಿನ ಬಳಿಯ ವಾಲ್ವ್ ಮುಚ್ಚಿದ. ಇಷ್ಟು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಹೊಸ ನಲ್ಲಿ ಕೂತಿತು. ಜನ ಚದುರಿದರು. ಆತ ಕೈ ಒರೆಸಿಕೊಂಡು ಪಡಸಾಲೆಯ ಪ್ರಬಂಧ ತೆಗೆದು ಹಾಳೆ ಮಗುಚತೊಡಗಿದ.

"ಇಡಪ್ಪ, ಅದು ನಿಂಗೆಲ್ಲಿ ಅರ್ಥ ಆಗತ್ತೆ" ಎಂದು ಅಜ್ಜಿ ಚಹಾ ತರಲು ಒಳಹೋದರು.

ಆತ ಮೇಷ್ಟ್ರ ಕಡೆ ಬಾಗಿ ಮೆಲ್ಲಗೆ ಹೇಳಿದ: "ಮೂರನೇ ಅಧ್ಯಾಯದಲ್ಲಿ ಒಂದು ಲೆಕ್ಕ ತಪ್ಪಿದೆ ಸಾರ್. ನಾನು ಬರೆದಾಗ್ಲೇ ತಪ್ಪಿತ್ತು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಮೇಷ್ಟ್ರಿಗೆ. "ನೀವು... ಇಲ್ಲಿ?"

"ಅಲ್ಲಿ ಕೆಲಸ ಸಿಗ್ಲಿಲ್ಲ, ಬಂದೆ. ನಾನು ಓದಿದೋನು ಅಂತ ಯಾರಿಗೂ ಹೇಳ್ಬೇಡಿ ಸಾರ್. ಗೊತ್ತಾದ್ರೆ ರಿಪೇರಿಗೆ ಕರೆಯಲ್ಲ. ಓದಿದೋರ ಕೈಗುಣ ಇವತ್ತು ಬೀದಿಯೆಲ್ಲ ನೋಡ್ತಲ್ಲ."

ಅಷ್ಟರಲ್ಲಿ ಅಜ್ಜಿ ಬಂದು, ಓದಿದವರಿಗೆ ಮೊದಲು ಎಂದು ಮೇಷ್ಟ್ರ ಮುಂದೆ ಲೋಟ ಹಿಡಿದರು. ಮೇಷ್ಟ್ರ ಕೈ ತಾನಾಗಿಯೇ ಅದನ್ನು ರಿಪೇರಿಯವನ ಕಡೆ ಚಾಚಿತು. ಆತ ಕಣ್ಣಲ್ಲೇ ಗದರಿದ. ಮೇಷ್ಟ್ರು ತಲೆ ತಗ್ಗಿಸಿಕೊಂಡು ಕುಡಿದರು.