ಒಂಬತ್ತನೇ ನಂಬರಿನ ಪರಂಪರೆ

ಪಾಂಡವಪುರದ ಪಾದರಕ್ಷಾ ವಿನ್ಯಾಸ ಕೇಂದ್ರದೊಳಗೆ ಪಾದರಕ್ಷೆ ಧರಿಸಿ ಬರುವುದನ್ನು ನಿಷೇಧಿಸಲಾಗಿದೆ.

ಈ ನಿಯಮವನ್ನು ಯಾರೂ ಮಾಡಿದ್ದಲ್ಲ. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ದೀಪ ಹಚ್ಚುವುದಕ್ಕೆಂದು ಚಪ್ಪಲಿ ಬಿಟ್ಟರು. ಅವರ ಹಿಂದಿದ್ದವರೂ ಬಿಟ್ಟರು. ಮರುದಿನ ಹಾಕಿಕೊಂಡು ಒಳಗೆ ಬರುವ ಧೈರ್ಯ ಯಾರಿಗೂ ಆಗಲಿಲ್ಲ. ಅಂದಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಪಾದರಕ್ಷೆಯ ಭವಿಷ್ಯವನ್ನು ಬರಿಗಾಲಿನವರೇ ರೂಪಿಸುತ್ತಿದ್ದಾರೆ.

ಇಂಥ ಕೇಂದ್ರಕ್ಕೆ ಮೇಲಿನ ಕಚೇರಿಯಿಂದ ಸುತ್ತೋಲೆಯೊಂದು ಬಂತು. ಘಾನಾ ದೇಶದ ನಿಯೋಗವು ಶ್ರೀರಂಗಪಟ್ಟಣಕ್ಕೆ ಭೇಟಿ ನೀಡಲಿರುವ ಕಾರಣ, ಆಫ್ರಿಕಾದ ಪರಂಪರೆ ಹಾಗೂ ಜವಳಿಯಿಂದ ಪ್ರೇರಿತವಾದ ಒಂದು ಜೊತೆ ಪರಿಕಲ್ಪನಾ ಸ್ನೀಕರ್ಸನ್ನು ತಯಾರಿಸಿ ಪ್ರದರ್ಶಿಸತಕ್ಕದ್ದು. ನಿರ್ದೇಶಕ ಧರ್ಮೇಂದ್ರ ಅವರು ಅದನ್ನು ಎದ್ದು ನಿಂತು ಓದಿದರು. ಸೂಪರಿಂಟೆಂಡೆಂಟ್ ಚಲುವಮ್ಮ ಕೂತೇ ಓದಿ, "ಪರಿಕಲ್ಪನಾ ಅಂದ್ರೆ ಮಾಡೋದು ಬ್ಯಾಡ, ಅಂದ್ಕಂಡ್ರೆ ಸಾಕು ಅಂತ ಅಲ್ವಾ ಸಾ?" ಎಂದರು. ಆಡಳಿತದ ದೃಷ್ಟಿಯಿಂದ ಅದು ಉತ್ತಮ ಸಲಹೆಯೇ. ಆದರೆ ಅಷ್ಟರಲ್ಲಿ ಆತಿಯಾ ಕೆಲಸ ಶುರುಮಾಡಿಬಿಟ್ಟಿದ್ದಳು.

ಆತಿಯಾ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನ ಹುಡುಗಿ, ಕೇಂದ್ರದ ಏಕೈಕ ವಿನ್ಯಾಸಕಿ, ಗುತ್ತಿಗೆ ನೌಕರಳು. ಅವಳ ಒಂದು ವಿನ್ಯಾಸವಾದರೂ ನಡಿಗೆ ಪರೀಕ್ಷೆಯಲ್ಲಿ ಪಾಸಾದರೆ ಕೆಲಸ ಕಾಯಂ, ಮಾರ್ಚ್ ಮುಗಿಯುವುದರೊಳಗೆ ಆಗದಿದ್ದರೆ ಮನೆ. ಈವರೆಗೆ ಒಂದೂ ಪಾಸಾಗಿರಲಿಲ್ಲ. ಕೇಂದ್ರದೊಳಗೆ ಶೂ ಹಾಕುವಂತಿರಲಿಲ್ಲ, ಕೇಂದ್ರದ ಆಸ್ತಿಯನ್ನು ಹೊರಗೆ ಒಯ್ಯುವಂತಿರಲಿಲ್ಲ. ಮಿಕ್ಕಂತೆ ಪರೀಕ್ಷೆಗೆ ಯಾವ ಅಡ್ಡಿಯೂ ಇರಲಿಲ್ಲ.

ಘಾನಾದಲ್ಲಿ ಬಟ್ಟೆಯನ್ನು ಕಿರಿದಾದ ಪಟ್ಟಿಗಳಾಗಿ ನೇಯ್ದು ಅಂಚಿಗೆ ಅಂಚು ಕೂಡಿಸಿ ಹೊಲಿಯುತ್ತಾರೆ, ಮಾಲಿ ದೇಶದಲ್ಲಿ ಎಲೆ ಕಷಾಯದಲ್ಲಿ ಅದ್ದಿದ ಬಟ್ಟೆಯ ಮೇಲೆ ಕೊಳೆತ ಮಣ್ಣಿನಿಂದ ಚಿತ್ರ ಬರೆಯುತ್ತಾರೆ ಎಂದು ಆತಿಯಾ ಓದಿಕೊಂಡಳು. ಹಳದಿ, ಹಸಿರು, ಕೆಂಪು ಪಟ್ಟಿಗಳನ್ನು ಅವಳ ಅಮ್ಮ ಅಮೀನಾಬೀ ಕೂಡಿಸಿ ಹೊಲಿದರು. ಮಾಲಿಯ ಎಲೆ ಸಿಗದೆ ಅಳಲೆಕಾಯಿ ಕಷಾಯವಾಯಿತು, ಅಲ್ಲಿಯ ಮಣ್ಣು ಸಿಗದೆ ಅರಕೆರೆ ನಾಲೆಯ ಗೋಡುಮಣ್ಣಾಯಿತು. ಮನೆಯಲ್ಲಿ ವಾರವಿಡೀ ಗೋಡಿನ ವಾಸನೆ. "ಬೇಟಾ, ಇಷ್ಟೆಲ್ಲ ಮಾಡಿ ಒಬ್ಬರಾದ್ರೂ ಕಾಲಿಗೆ ಹಾಕ್ಕೊಂಡ್ರೆ ಸಾಕು" ಎಂದರು ಅಮೀನಾಬೀ. ಆತಿಯಾಳ ಆಸೆಯೂ ಅದೇ. ಕಾಯಂ ಆಗುವುದು ಅದರ ನಂತರದ್ದು.

ಅಳತೆಗೆ ಪಾದ ಬೇಕಿತ್ತು. ನಿರ್ದೇಶಕರ ಪಾದ ಕೇಳುವುದು ಶಿಷ್ಟಾಚಾರವಲ್ಲ. ಕೊನೆಗೆ ಅಟೆಂಡರ್ ಮರಿಸ್ವಾಮಿ ಕಾಗದದ ಮೇಲೆ ಕಾಲಿಟ್ಟ. "ಬರ್ಕಳವ್ವ, ಕಚಗುಳಿ ಮಾತ್ರ ಇಕ್ಬ್ಯಾಡ." ಒಂಬತ್ತನೇ ನಂಬರು. ನಡೆಯುವಾಗ ಅವನ ಎಡಗಾಲು ಹೊರಕ್ಕೆ ವಾಲುತ್ತದೆ. ಬಾಗಿಲಲ್ಲಿ ಬಿಟ್ಟ ಅವನ ಹವಾಯಿ ಚಪ್ಪಲಿಯ ಎಡ ಅಂಚು ಹಪ್ಪಳದಷ್ಟು ತೆಳ್ಳಗಾಗಿದ್ದನ್ನು ಆತಿಯಾ ದಿನಾ ನೋಡುತ್ತಿದ್ದಳು.

ಶೂ ಸಿದ್ಧವಾದಾಗ ಇಡೀ ಕಚೇರಿ ಮೇಜು ಬಿಟ್ಟು ಎದ್ದು ಬಂತು. ಅಷ್ಟು ಚೆನ್ನಾಗಿತ್ತು. ತೊಂದರೆ ಶುರುವಾದದ್ದು ಅಲ್ಲಿಂದಲೇ. ಹತ್ತಿರ ಬಂದು ನೋಡುವ ಭರದಲ್ಲಿ ಚಲುವಮ್ಮನವರ ಕಾಲು ನೆಲದ ಮೇಲಿದ್ದ ಶೂ ಡಬ್ಬಕ್ಕೆ ತಾಗಿತು. ಅವರು ಅಭ್ಯಾಸಬಲದಿಂದ ಬಗ್ಗಿ ಶೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಸೂಪರಿಂಟೆಂಡೆಂಟ್ ಒತ್ತಿಕೊಂಡಿದ್ದರಿಂದ ಗುಮಾಸ್ತರೂ ಒತ್ತಿಕೊಂಡರು. ನಿರ್ದೇಶಕರು ಒಮ್ಮೆ ಸುತ್ತ ನೋಡಿ, ತಾವೂ ಒತ್ತಿಕೊಂಡರು.

"ಇನ್ನು ಇದನ್ನು ಯಾರೂ ಕಾಲಿಗೆ ಹಾಕುವಂತಿಲ್ಲ" ಎಂದರು ಧರ್ಮೇಂದ್ರ. "ಇದು ಪರಂಪರೆ."

"ಸರ್, ಇದು ಶೂ."

"ಇತ್ತಮ್ಮ. ಈಗ ಮೇಲೆ ಹೋಗಿದೆ."

"ಹಾಗಾದರೆ ನಡಿಗೆ ಪರೀಕ್ಷೆ?"

"ಧಾರಾಳವಾಗಿ ನಡೆಸೋಣ. ಪಾದರಕ್ಷೆಯು ನಾಲ್ಕೂ ತಾಲ್ಲೂಕಿನ ನೆಲದಲ್ಲಿ ಸಾಗತಕ್ಕದ್ದು ಅಂತ ನಿಯಮ ಇದೆ. ಯಾರ ಕಾಲಲ್ಲಿ ಅಂತ ಎಲ್ಲಿದೆ ತೋರಿಸು?"

ಎಲ್ಲಿಯೂ ಇರಲಿಲ್ಲ. ಆಸ್ತಿಯನ್ನು ಹೊರಗೆ ಒಯ್ಯಬಾರದೆಂಬ ನಿಯಮಕ್ಕೂ ಮೆರವಣಿಗೆಯ ವಿನಾಯಿತಿ ಸಿಕ್ಕಿತು. ಶೂಗಳನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಮರಿಸ್ವಾಮಿಯ ತಲೆಯ ಮೇಲಿಡಲಾಯಿತು. ಪರಂಪರೆ ಹೊರುವವನು ಚಪ್ಪಲಿ ಹಾಕುವಂತಿರಲಿಲ್ಲ.

"ಕಾಲಿಗಾಕೋದ್ನ ತಲೆ ಮ್ಯಾಲಿಟ್ಕಂಡು ಬರಿಗಾಲಲ್ಲಿ ಓಯ್ತಿವ್ನಿ. ನೋಡ್ದೋರು ಏನಂದಾರು?" ಎಂದ ಮರಿಸ್ವಾಮಿ.

"ಕೈ ಮುಗೀತಾರೆ, ನೀ ನಡೀಲಾ" ಎಂದರು ಚಲುವಮ್ಮ. "ತಲೆ ಅಳ್ಳಾಡಿಸ್ಬ್ಯಾಡ."

ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಜವಾಗಿಯೂ ಕೈ ಮುಗಿದರು. ಒಬ್ಬ ಮುದುಕಿ ತಟ್ಟೆಗೆ ಹೂ ಹಾಕಿ, ಯಾವ ಊರ ದೇವರು ಎಂದು ಕೇಳಿದಳು. "ಆಫ್ರಿಕಾ ಕಡೇದು ಕಣವ್ವ" ಎಂದ ಮರಿಸ್ವಾಮಿ. "ಅಷ್ಟು ದೂರದಿಂದ ನಡ್ಕಂಡ್ ಬಂತಾ" ಎಂದು ಆಕೆ ಇನ್ನೊಮ್ಮೆ ಮುಗಿದಳು. ನಾಗಮಂಗಲದ ಗರಸು ರಸ್ತೆ ಮುಗಿಯುವ ಹೊತ್ತಿಗೆ ಅವನ ಅಂಗಾಲು ಬೊಬ್ಬೆಯೆದ್ದಿತ್ತು. ವರದಿಯಲ್ಲಿ ಹೀಗೆ ನಮೂದಾಯಿತು: "ನಾಲ್ಕೂ ತಾಲ್ಲೂಕು ಕ್ರಮಿಸಿದರೂ ಅಟ್ಟೆ ಎಳ್ಳಷ್ಟೂ ಸವೆದಿರುವುದಿಲ್ಲ. ಅಟೆಂಡರನ ಪಾದಗಳು ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ."

ನಿಯೋಗ ಕೇಂದ್ರಕ್ಕೂ ಬಂತು. ಅದರಲ್ಲಿ ಅಬೇನಾ ಎಂಬ ವಿನ್ಯಾಸಕಿ ಇದ್ದರು. ಗಾಜಿನ ಪೆಟ್ಟಿಗೆಯ ಮುಂದೆ ತುಂಬ ಹೊತ್ತು ನಿಂತು, ಆತಿಯಾಳ ಕೈ ಹಿಡಿದುಕೊಂಡು, ನಾನೊಮ್ಮೆ ಹಾಕಿ ನೋಡಲೇ ಎಂದು ಕೇಳಿದರು. ನಮ್ಮೂರಲ್ಲಿ ಮದುವೆಗೆ ಹುಡುಗರು ಇಂಥವನ್ನೇ ಹಾಕಿ ಕುಣಿಯುತ್ತಾರೆ ಎಂದೂ ಹೇಳಿದರು. ಧರ್ಮೇಂದ್ರ ನಡುವೆ ಬಂದು ನಿಂತರು. "ಕ್ಷಮಿಸಬೇಕು ತಾಯಿ. ನಿಮ್ಮ ಪರಂಪರೆಯನ್ನು ನಿಮ್ಮೂರಲ್ಲಿ ನೀವು ಬೇಕಾದರೆ ತುಳಿಯಿರಿ. ಇಲ್ಲಿ ನಾವು ಬಿಡುವುದಿಲ್ಲ." ಅನುವಾದಕ ಇದನ್ನು "ಸೈಜು ಆಗುವುದಿಲ್ಲವಂತೆ" ಎಂದು ಅನುವಾದಿಸಿದ. ಎರಡು ದೇಶಗಳ ಬಾಂಧವ್ಯ ಉಳಿಯಿತು.

ಮೇಲಿನ ಕಚೇರಿ ಮಾತ್ರ ವರದಿಯನ್ನು ಹಿಂದಿರುಗಿಸಿತು. ಸವೆಯದ ಶೂ ನಡೆದಿದೆ ಎಂದು ನಂಬುವುದು ಹೇಗೆ? ಸವೆತ ಕಾಣುವವರೆಗೆ ಪಾಸು ಮಾಡಲಾಗದು.

ಅಂದು ಶುಕ್ರವಾರ. ಮಾರ್ಚ್ ಸೋಮವಾರಕ್ಕೆ ಮುಗಿಯುತ್ತಿತ್ತು. ಆತಿಯಾ ತನ್ನ ಕತ್ತರಿ, ದಾರ ಚೀಲಕ್ಕೆ ತುಂಬಿಕೊಂಡಳು. ಶೂ ಇಟ್ಟಿದ್ದ ಬೀರುವಿಗೆ ಬೀಗ ಹಾಕುತ್ತಿದ್ದ ಮರಿಸ್ವಾಮಿ ಇನ್ನೂ ಮಾಯದ ಬೊಬ್ಬೆ ನೆಲಕ್ಕೆ ತಾಗದಂತೆ ಹಿಮ್ಮಡಿಯೂರಿ ಕುಂಟುತ್ತಿದ್ದ.

ಸೋಮವಾರ ಬೀರು ತೆಗೆದಾಗ ಶೂಗಳು ಅಲ್ಲೇ ಇದ್ದವು. ಆದರೆ ಅಟ್ಟೆಯ ಗೀರುಗಳಲ್ಲಿ ನಾಗಮಂಗಲದ ಕೆಂಪು ಗರಸು ಮೆತ್ತಿತ್ತು, ಎರಡು ಕುರಿ ಹಿಕ್ಕೆ ಸಿಕ್ಕಿಕೊಂಡಿದ್ದವು. ಎಡಗಡೆಯದರ ಹೊರ ಅಂಚು ಒಂಚೂರು ಸವೆದಿತ್ತು.

ಆತಿಯಾ ಮರಿಸ್ವಾಮಿಯ ಕಡೆ ನೋಡಿದಳು. ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಲ್ಲಿ ಇಪ್ಪತ್ತು ಕುರಿ ಸಾಕಿಕೊಂಡಿರುವ ಮರಿಸ್ವಾಮಿ ಸೂರಿನ ಕಡೆ ನೋಡಿದ. ಅವಳು ಬಾಯಿ ಬಿಟ್ಟರೆ ಅವನ ಕೆಲಸ ಹೋಗುತ್ತಿತ್ತು. ಬಿಡದಿದ್ದರೆ, ಯಾರು ನಡೆದರೆಂಬ ಲೆಕ್ಕ ಸಿಗದೆ, ಅವಳದು.

"ಸಾ," ಎಂದರು ಚಲುವಮ್ಮ, ದನಿ ತಗ್ಗಿಸಿ, "ಬಿಳಿಗಿರಿರಂಗಪ್ಪನ ಜೋಡು ಸವೀತವೆ, ದೇವ್ರು ಮೆಟ್ಕಂಡು ಬ್ಯಾಟೆಗೆ ಓಯ್ತಾನೆ ಅಂತಾರಲ್ಲ. ಇದೂ ತಾನೇ ಓಗ್ ಬಂದೈತೆ."

ಧರ್ಮೇಂದ್ರ ಅವರಿಗೆ ರೋಮಾಂಚನವಾಯಿತು. ಸಂಜೆಯೊಳಗೆ ಆದೇಶ ಹೊರಟಿತು: "ಸದರಿ ಪರಂಪರೆಯು ವಾರಾಂತ್ಯದಲ್ಲಿ ಸ್ವಯಂಪ್ರೇರಿತವಾಗಿ ನಾಗಮಂಗಲ ತಾಲ್ಲೂಕಿನ ಪ್ರವಾಸ ಕೈಗೊಂಡು ನಡಿಗೆ ಪರೀಕ್ಷೆಯಲ್ಲಿ ಉತ್ತೀರ್ಣವಾಗಿರುತ್ತದೆ. ವಿನ್ಯಾಸಕಿಯನ್ನು ಕಾಯಂಗೊಳಿಸಿದೆ. ಪರಂಪರೆಗೆ ನಿಯಮಾನುಸಾರ ಪ್ರವಾಸ ಭತ್ಯೆ ಮಂಜೂರು ಮಾಡಿದ್ದು, ಅದರ ಪರವಾಗಿ ಅಟೆಂಡರ್ ಸ್ವೀಕರಿಸತಕ್ಕದ್ದು."

ಮೇಲಿನ ಕಚೇರಿ ಸವೆತ ನೋಡಿ ಒಪ್ಪಿತು. ಕುರಿ ಹಿಕ್ಕೆಯನ್ನು ಲಗತ್ತಿಸಿದ್ದಕ್ಕೆ ಪ್ರಶಂಸೆಯನ್ನೂ ಕಳಿಸಿತು.

ಆತಿಯಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಹೇಗಿದೆ ಮರಿಸ್ವಾಮಣ್ಣ?" ಎಂದಳು.

"ಯಾವ್ದವ್ವ?"

"ಪರಂಪರೆ."

ಅವನು ಅತ್ತ ಇತ್ತ ನೋಡಿದ. "ಹಿಮ್ಮಡಿತಾವ ವಸಿ ಬಿಗಿ ಕಣವ್ವ. ಮಿಕ್ಕಂಗೆ ಹತ್ತಿ ಮ್ಯಾಲೆ ನಡೆದಂಗದೆ."

ಆತಿಯಾ ಮನೆಗೆ ಹೋಗಿ ಅಮ್ಮನಿಗೆ ಮೊದಲು ಹೇಳಿದ್ದು ಇದನ್ನೇ. ಕಾಯಂ ಆದದ್ದು ಊಟದ ಹೊತ್ತಿಗೆ ನೆನಪಾಯಿತು.

ಈಗ ಪರಂಪರೆಯು ಪ್ರತಿ ಶನಿವಾರ ಪ್ರವಾಸ ಹೋಗಿ ಸೋಮವಾರ ಕರ್ತವ್ಯಕ್ಕೆ ಹಾಜರಾಗುತ್ತದೆ. ಹಿಮ್ಮಡಿಯನ್ನು ಸಡಿಲಿಸಲಾಗಿದೆ. ಕೇಂದ್ರದೊಳಗೆ ಪಾದರಕ್ಷೆ ಈಗಲೂ ನಿಷಿದ್ಧ. ಎರಡನೇ ಜೊತೆಗೆ ಸುತ್ತೋಲೆ ಬಂದ ದಿನ ಚಲುವಮ್ಮನವರು ಆತಿಯಾಳ ಮೇಜಿನ ಬಳಿ ಬಂದು, ತಮ್ಮ ಬರಿಗಾಲನ್ನೊಮ್ಮೆ ನೋಡಿಕೊಂಡು, ಆಮೇಲೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು:

"ಆರನೇ ನಂಬರಲ್ಲಿ ಮಾಡವ್ವ. ಪರಂಪರೆ ವಸಿ ದೇವಲಾಪುರದ ಕಡೀಕೂ ಓಗಿ ಬರ್ಲಿ. ನಮ್ಮೂರ್ನ ಅದಿನ್ನೂ ನೋಡಿಲ್ಲ."