ಕಾಕಾನ ಮೂಗು, ಜೋಳದ ಹೂವು

ನಮ್ಮ ಕಾಕಾ ಸೀನಿದರೆ ಅದು ಕರ್ನಾಟಕದಲ್ಲಿ ಶುರುವಾಗಿ ಮಹಾರಾಷ್ಟ್ರದಲ್ಲಿ ಮುಗಿಯುತ್ತದೆ! ಸುಳ್ಳು ಅನ್ನಿಸಿದರೆ ಚಳಿಗಾಲದಲ್ಲಿ ಅಥಣಿ ತಾಲ್ಲೂಕಿನ ಅನಂತಪುರದ ಕಡೆ ಬನ್ನಿ. ಎರೆಹೊಲಗಳಲ್ಲಿ ಜೋಳ ತೆನೆ ಬಿಚ್ಚಿ ಹೂವಾಡುತ್ತಿರುತ್ತದೆ. ಬೆಳಿಗ್ಗೆ ಕಾಕಾ ಅಂಗಳಕ್ಕೆ ಬಂದು, ಮುಖ ಮೇಲೆತ್ತಿ, ಬಾಯಿ ತೆರೆದು ಒಂದು ಗಳಿಗೆ ಹಾಗೇ ನಿಲ್ಲುತ್ತಾರೆ. ಆ ಗಳಿಗೆಯೊಳಗೆ ಕಾಕು ಚಹಾದ ಕಪ್ಪುಗಳನ್ನು ಒಳಗೆ ಸಾಗಿಸಬೇಕು, ತೊಟ್ಟಿಲಿನ ಕೂಸಿದ್ದರೆ ಕಿವಿ ಮುಚ್ಚಬೇಕು. ಆಮೇಲೆ ಬರುವುದು ಒಂದು ಸೀನಲ್ಲ. ಬೆಂಕಿ ಹತ್ತಿದ ಪಟಾಕಿ ಸರ. ಎಮ್ಮೆಗಳು ಗೂಟ ಕೀಳುವಷ್ಟು ಜಗ್ಗಾಡುತ್ತವೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಕಾಕು ಅವರ ಹೆಂಡತಿ. ಅಪ್ಪ ತೀರಿಕೊಂಡ ಮೇಲೆ ಹೊಲ, ಮನೆ, ನನ್ನನ್ನು ಗದರುವ ಹಕ್ಕು ಎಲ್ಲವೂ ಕಾಕಾನ ಪಾಲಿಗೆ ಬಂದವು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಬಿ.ಎಸ್ಸಿ., ಅದೂ ಸಸ್ಯಶಾಸ್ತ್ರ! ತುಂಬಿದ ಬಸ್ಸಿಗೆ ಜೋತುಬಿದ್ದು, ರಜೆಯಲ್ಲಿ ಕಳೆ ಕಿತ್ತು ಓದಿದ್ದು. ಸ್ವಲ್ಪ ಜಂಬ ಇದೆ, ಮುಚ್ಚಿಡುವುದಿಲ್ಲ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಕಲಿಸಹೋದರೆ ಮಾತ್ರ ಕಾಕಾ, "ಅಕ್ಕೋರ, ಗಂಟಿ ಹೊಡದೈತ್ರಿ, ಸಾಲಿ ಬಿಟ್ಟೈತಿ" ಎಂದು ಎದ್ದು ಹೋಗುತ್ತಾರೆ.

ಸೀನಿಗೆ ಕಾರಣ ಹುಡುಕುವುದರಲ್ಲಿ ಅವರು ಪೊಲೀಸರಿಗೂ ಕಲಿಸಬಲ್ಲರು. ಮೊದಲ ಆರೋಪಿ ಮಜ್ಜಿಗೆ. ಅದನ್ನು ಬಿಟ್ಟರು, ಸೀನು ಬಿಡಲಿಲ್ಲ. ಎರಡನೆಯ ಆರೋಪಿ ಕಾಕುವಿನ ಒಗ್ಗರಣೆ. ಒಲೆಯನ್ನೇ ಹಿತ್ತಲಿಗೆ ಗಡೀಪಾರು ಮಾಡಿದರು. ಹಿತ್ತಲಿನಾಚೆ ಜೋಳದ ಹೊಲ. ರೊಟ್ಟಿ ತಿನ್ನಲು ಅಲ್ಲಿಗೇ ಹೋಗಿ ಕೂರತೊಡಗಿದ ಮೇಲೆ ಸೀನು ಇನ್ನೂ ಹೆಚ್ಚಾಯಿತು. ಮೂರನೆಯ ಆರೋಪಿ ಎದುರುಮನೆಯವರ ಕಣ್ಣು. "ನಮ್ಮ ಜ್ವಾಳ ನೋಡಿ ಹೊಟ್ಟಿಕಿಚ್ಚ ಪಡ್ತಾರ, ಅದಕ್ಕ!" ಎಂದರು. ಆ ಕೊನೆಯ ಮಾತಿನಲ್ಲಿ ಜೋಳದ ಹೆಸರಾದರೂ ಬಂತಲ್ಲ, ಸತ್ಯದ ಓಣಿಯವರೆಗೆ ಬಂದು ಬಾಗಿಲು ತಪ್ಪಿದ್ದರು ಅಷ್ಟೆ.

ಒಮ್ಮೆ ಕಾಕಾನ ಮಗಳ ಸಂಬಂಧದ ಮಾತಿಗೆ ಕಾಗವಾಡದಿಂದ ಬೀಗರಾಗುವವರು ಬಂದಿದ್ದರು. ದ್ರಾಕ್ಷಿ ತೋಟದವರು, ಶಕುನ ನೋಡುವ ಜನ. ಹಿರಿಯರು "ಹಂಗಾರ ನಿಶ್ಚಯ ಮಾಡೂಣು" ಎಂದರು. ಕಾಕಾನ ಬಾಯಿ ತೆರೆಯಿತು. ಆಕ್ಷೀ!

"ಅಯ್ಯ, ಒಂಟಿ ಸೀನ ಬಂತಲ್ರಿ!" ಎಂದು ಬೀಗಿತ್ತಿ ಎದ್ದೇಬಿಟ್ಟರು.

"ಕೂಡ್ರಿ ಕೂಡ್ರಿ, ಜೋಡಿ ಮಾಡ್ತೇನಿ!" ಎಂದರು ಕಾಕಾ.

ಮಾಡಿದರು. ಎಲ್ಲರೂ ಉಸಿರು ಬಿಟ್ಟು ಕುಂಕುಮದ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು! ಮತ್ತೆ ಬೆಸ. ಎರಡೂ ಮನೆತನಗಳು ಒಂದು ಮೂಗನ್ನೇ ನೋಡುತ್ತ ಕುಳಿತವು. ಕೊನೆಗೆ ಬೀಗರೇ, "ಈಗ ಸಮ ಐತಿ! ಅವರ ಮೂಗ ಹಿಡೀರಿ ಯಾರರ!" ಎಂದು ಕೂಗಿದರು. ಕಾಕು ಸೆರಗಿನಿಂದ ಗಂಡನ ಮೂಗು ಒತ್ತಿ ಹಿಡಿದರು, ಹುಡುಗಿಯ ಹಣೆಗೆ ಕುಂಕುಮ ಬಿತ್ತು.

ಇಷ್ಟರವರೆಗೆ ನಗುವ ಮಾತು. ಹೋದ ವರ್ಷದ ಎಳ್ಳಮಾವಾಸ್ಯೆ ಹಾಗಿರಲಿಲ್ಲ.

ಆ ದಿನ ನಮ್ಮಲ್ಲಿ ಚರಗ ಚೆಲ್ಲುತ್ತಾರೆ. ಬೆಳೆ ಹೊತ್ತು ನಿಂತ ಭೂಮಿತಾಯಿ ಬಸುರಿ, ಅವಳಿಗೆ ಉಣ್ಣಿಸುವುದು. ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಲೆ, ಬದನೆಕಾಯಿ, ಅನ್ನ ಎಲ್ಲ ಕಲಸಿದ ಬುಟ್ಟಿ ಹೊತ್ತು ಮನೆಯ ಹಿರಿಯ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಬೆಳೆಯೊಳಗೆ ಎರಚುತ್ತ ಹೋಗಬೇಕು. ಹಿಂದೆ ಬರುವವರು "ಚಲ್ಲಂಬರಿಗೋ" ಎನ್ನಬೇಕು. ಅಪ್ಪ ಇರುವವರೆಗೆ ಆ ಕೂಗು ಅಪ್ಪನದು, ಆಮೇಲೆ ಕಾಕಾನದು. ನಮ್ಮ ಮನೆಯ ಪದ್ಧತಿಯಂತೆ ಅದು ನಸುಕಿನಲ್ಲೇ ಆಗಬೇಕು. ಜೋಳದ ಹೂವು ಧೂಳು ಬಿಡುವುದೂ ನಸುಕಿನಲ್ಲೇ! ಪದ್ಧತಿ ಮಾಡಿದವರಿಗೆ ಕಾಕಾನ ಮೂಗಿನ ಪರಿಚಯ ಇರಲಿಲ್ಲ.

"ಹುಲ್ಲು..." ಎಂದು ಕೈಯೆತ್ತಿದರು. ಉಳಿದದ್ದು ಸೀನಾಗಿ ಬಂತು. ಕೈಯಲ್ಲಿದ್ದ ಪುಂಡಿಪಲ್ಲೆ ಭೂಮಿತಾಯಿಯನ್ನು ಬಿಟ್ಟು ಹಿಂದೆ ನಿಂತಿದ್ದ ಹೊಸ ಅಳಿಯನ ಬಿಳಿ ಅಂಗಿಗೆ ಬಿತ್ತು. ನಾವೆಲ್ಲ ಬಿದ್ದುಬಿದ್ದು ನಕ್ಕೆವು. ನಗು ಮುಗಿಸಿ ನೋಡಿದರೆ ಕಾಕಾ ಜೋಳದ ಸಾಲಿನಲ್ಲಿ ಕುಸಿದು ಕೂತಿದ್ದರು. ಎದೆಯೊಳಗಿಂದ ಸಿಳ್ಳೆಯಂಥ ಸದ್ದು. ಮಾತಾಡಲು ಉಸಿರಿಲ್ಲ. ಅಂಗಿಯ ಪುಂಡಿಪಲ್ಲೆ ಒರೆಸಿಕೊಳ್ಳದೆ ಅಳಿಯನೇ ಅವರನ್ನು ಹೊತ್ತು ಬದುವಿಗೆ ತಂದ. ಅಲ್ಲಿಂದ ಅಥಣಿಯ ಆಸ್ಪತ್ರೆಗೆ ಓಡಿದೆವು.

ಮನೆಗೆ ಬಂದ ಮೇಲೆ ಕಾಕು ತೀರ್ಪು ಕೊಟ್ಟರು: "ಬರೂ ವರ್ಷ ಬುಟ್ಟಿ ಅಳಿಯಂದ್ರು ಹೊರ್ತಾರ. ನೀವು ಆ ಹೊಲದಾಗ ಕಾಲಿಟ್ರ ನಾ ತವರಮನಿಗೆ ಹೊಂಟೆ!"

ಕಾಕಾ ಜಗಳಕ್ಕೆ ಬರಲಿಲ್ಲ. ನನ್ನ ಕಡೆ ತಿರುಗಿದರು. "ಚರಗ ನಾನ ಚೆಲ್ಲಾಂವ. ಅದಕ್ಕ ಏನೇನ ಮಾಡಬೇಕು ಹೇಳಬೇ, ಮಾಡ್ತೇನಿ."

ಏನು ಮಾಡಬೇಕು ಎಂದು ಕಾಕಾ ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ! ಮನಸ್ಸು ಬದಲಾಗುವ ಮೊದಲೇ ಗಡಿಯಾಚೆಯ ಮಿರಜಿಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಕಾನ ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು, ಒಂದೊಂದಕ್ಕೂ ಸಣ್ಣಗೆ ಚುಚ್ಚಿದರು. ಧೂಳು, ಬೆಕ್ಕು, ಜಿರಳೆ ಯಾವುದೂ ಕಾಕಾನನ್ನು ಅಲುಗಿಸಲಿಲ್ಲ. ಜೋಳದ ಜಾಗ ಮತ್ತು ಕರಕಿ ಹುಲ್ಲಿನ ಜಾಗ ಮಾತ್ರ ಕೆಂಪಾಗಿ ಉಬ್ಬಿದವು. ಕಾಕಾ ಕೈ ಎತ್ತಿ ಹಿಡಿದು ತೋರಿಸಿದರು. "ನೋಡಬೇ, ನಮ್ಮ ಜ್ವಾಳ ಕೈಮ್ಯಾಲೂ ಎಷ್ಟ ಛಲೋ ಬೆಳದೈತಿ!"

"ಕಾಕಾ, ತುಮ್ಹಾಲಾ ಗವತಾಚೀ ಅಲರ್ಜಿ ಆಹೆ," ಎಂದರು ಡಾಕ್ಟರು. ಮರಾಠಿಯಲ್ಲಿ ಗವತ ಎಂದರೆ ಹುಲ್ಲು.

"ಹುಲ್ಲ? ನಾ ಏನ್ ಹುಲ್ಲ ತಿಂತೇನೇನ್ರಿ?"

ಡಾಕ್ಟರು ಕನ್ನಡಕ್ಕೆ ಬಂದರು. "ತಿನ್ನೂದಲ್ರಿ, ಅದರ ಹೂವಿನ ಪರಾಗ ಮೂಗಿನಾಗ ಹೋಗ್ತೈತಿ. ಜೋಳ, ಗೋವಿನಜೋಳ, ಕಬ್ಬು, ಕರಕಿ, ಎಲ್ಲಾ ಒಂದ ಹುಲ್ಲಿನ ಕುಲ."

ಬಸ್ಸಿನಲ್ಲಿ ಕಾಕಾ ಕಿಟಕಿಯಾಚೆಯ ಜೋಳದ ಹೊಲಗಳನ್ನೇ ನೋಡುತ್ತ ಬಂದರು. ಊರು ಹತ್ತಿರ ಬಂದಾಗ ನೋವಿನಿಂದ ಹೇಳಿದರು: "ಜ್ವಾಳಕ್ಕ ಹುಲ್ಲ ಅಂದ್ಳಲ್ಲಬೇ ಆಕಿ!"

ನಾನು ಬಿಡಿಸಿ ಹೇಳಿದೆ. ಪರಾಗ ಬಡಪಾಯಿ, ಯಾರಿಗೂ ಕೇಡು ಬಯಸುವುದಿಲ್ಲ. ನಮ್ಮ ಮೈಯೊಳಗಿನ ಕಾವಲುಗಾರನೇ ಬಂದ ಬೀಗರನ್ನು ಕಳ್ಳರೆಂದು ತಿಳಿದು ಬಡಿಗೆ ಎತ್ತುತ್ತಾನೆ. ಆ ಗದ್ದಲವೇ ಸೀನು, ತುರಿಕೆ, ಕಣ್ಣೀರು. ಗದ್ದಲ ಎದೆಗಿಳಿದರೆ ಉಬ್ಬಸ. ಕಾಕಾ ಯೋಚಿಸಿ, "ಹಂಗಾರ ಕಾವಲುಗಾರಗ ಬುದ್ಧಿ ಹೇಳಬೇಕು" ಎಂದರು. ಅಂದು ಗಂಟೆ ಹೊಡೆಯಲಿಲ್ಲ, ಸಾಲಿ ಬಿಡಲಿಲ್ಲ.

ಚರಗ ಚೆಲ್ಲಬೇಕಾದರೆ ಡಾಕ್ಟರ ಷರತ್ತು ಇಷ್ಟು. ಜೋಳ ಹೂವಾಡುವ ಮೊದಲೇ ಮೂಗಿನ ಸ್ಪ್ರೇ ಶುರು, ಸೀನು ಇರಲಿ ಬಿಡಲಿ ದಿನವೂ. ಜೊತೆಗೆ ಗುಳಿಗೆ. ಹೊಲದಿಂದ ಬಂದ ಕೂಡಲೇ ಸ್ನಾನ. ಜೇಬಿನಲ್ಲಿ ಸದಾ ಉಬ್ಬಸದ ಪಂಪು. ಅಮಾವಾಸ್ಯೆ ಹತ್ತಿರ ಬಂದಾಗ ಎದೆ ಪರೀಕ್ಷೆ. ಸಿಳ್ಳೆ ಕೇಳಿದರೆ ಚರಗದ ಮಾತೇ ಇಲ್ಲ. ಕೇಳದಿದ್ದರೆ ಮಧ್ಯಾಹ್ನದ ಮೇಲೆ ಹೋಗಿ, ಮಾಸ್ಕು ತೆಗೆಯದೆ, ಬೇಗ ಚೆಲ್ಲಿ ಬರುವುದು.

"ಸೀನ ಬರೂ ಮೊದಲ ಯಾಕ ಔಷಧ?" ಎಂದು ಕಾಕು ಕೇಳಿದರು. ಉತ್ತರ ಕಾಕಾನೇ ಕೊಟ್ಟರು. "ಬೀಗರು ದ್ರಾಕ್ಷಿಗೆ ರೋಗ ಬಂದ ಮ್ಯಾಲ ಹೊಡೀತಾರೇನ? ಬರೂಕಿಂತ ಮೊದಲ ಹೊಡೀತಾರ!" ನನಗೆ ಹೆಮ್ಮೆಯಾಯಿತು. ಎಂಥ ಶಿಷ್ಯ!

ಈ ವರ್ಷ ಜೋಳ ಹೂವಾಡುವ ಮೊದಲು, ಸ್ಪ್ರೇ ಶುರು ಮಾಡುವ ದಿನ, ಶಿಷ್ಯ ಅಂಗಳಕ್ಕೆ ಬಂದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಬೆಳೆಗೆ ಔಷಧ ಹೊಡೆಯುವಾಗ ಮಾಡುವಂತೆ ಟವೆಲ್ಲಿನಿಂದ ಮೂಗು ಬಾಯಿ ಬಿಗಿಯಾಗಿ ಕಟ್ಟಿಕೊಂಡರು. ಉಸಿರು ಹಿಡಿದರು. ಆಮೇಲೆ ಸ್ಪ್ರೇ ಹೊಡೆದರು, ಟವೆಲ್ಲಿನ ಮೇಲೆ!

"ಕಾಕಾ, ಅದು ಒಳಗ ಹೋಗಬೇಕ್ರಿ!"

"ಔಷಧ ಒಳಗ ಹೋದ್ರ ಮನಷ್ಯಾ ಉಳೀತಾನೇನ ಹುಚ್ಚಿ?"

ಒಪ್ಪಿಸಲು ಒಂದು ವಾರ ಹಿಡಿಯಿತು. ಒಪ್ಪಿದ ಮೇಲೆ ಮಾತ್ರ ಅವರ ಹಟಕ್ಕೆ ನಾವೇ ಬೆದರಿದೆವು. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ಡಾಕ್ಟರು ಸುಮ್ಮನೆ ಹೇಳಿದ್ದರು. ಕಾಕಾ ಅದನ್ನು ಕಟ್ಟೆಯ ಮೇಲೆ ಸಾರ್ವಜನಿಕ ಕಾರ್ಯಕ್ರಮ ಮಾಡಿದರು. "ನೋಡ್ರಿ, ಈ ಕಡೆ ಬಿಟ್ರ ಆ ಕಡೆ ಬರತೈತಿ. ನಮ್ಮ ಕಾಲವಿ ನೀರೂ ಇಷ್ಟ ನೆಟ್ಟಗ ಹರಿಯಂಗಿಲ್ಲ!" ಬದುವಿನ ಹುಲ್ಲು ತೆನೆ ಬಿಡುವ ಮೊದಲೇ ಕೊಯ್ಯಿಸಿದರು. ತಮ್ಮದು ಮುಗಿದ ಮೇಲೆ ಪಕ್ಕದ ಹೊಲದ ಬದುವಿಗೂ ಕುಡುಗೋಲು ಹಚ್ಚಿಸಿದರು. ಪಕ್ಕದವನು ಓಡಿಬಂದು, "ನಮ್ಮ ಎಮ್ಮಿ ಮೇವು ರೀ ಅದು!" ಎಂದರೆ, "ಮೇವು ನಿಂದ, ಅದರ ಹೂವು ನನ್ನ ಮೂಗಿಂದ. ಮೇವು ಒಯ್ಯಿ!" ಎಂದು ಕೊಯ್ದ ಹೊರೆಯನ್ನು ಅವನ ತಲೆಗೇ ಹೊರಿಸಿದರು. ಹೊಲದ ದಾರಿಯಿಂದ ಬಂದ ಅಳಿಯನಿಗೂ ಸ್ನಾನ ಮಾಡಿಸದೆ ಚಹಾ ಕೊಡಲಿಲ್ಲ. ಅವನು ಹೆಂಡತಿಯ ಕಿವಿಯಲ್ಲಿ, "ಹೋದ ವರ್ಷ ಪಲ್ಲೆ ಹಾಕಿದ್ರು, ಈ ವರ್ಷ ತೊಳ್ಯಾಕತ್ತಾರ" ಎಂದ.

ಅಮಾವಾಸ್ಯೆ ಹತ್ತಿರ ಬಂದಾಗ ಮಿರಜಿನಲ್ಲಿ ಡಾಕ್ಟರು ಎದೆಗೆ ನಳಿಕೆ ಇಟ್ಟು ಕೇಳುವಾಗ ಕಾಕಾ ಉಸಿರಾಡುವುದನ್ನೇ ಮರೆತರು. "ಶ್ವಾಸ ತಗೋರಿ ಕಾಕಾ!" ತೆಗೆದುಕೊಂಡರು. ಹಿಂದೆ, ಮುಂದೆ, ಮತ್ತೆ ಹಿಂದೆ. "ಸಿಳ್ಳಿ ಇಲ್ಲ. ಹೋಗ್ರಿ, ಖರೆ ಮಾಸ್ಕ್ ತಗೀಬ್ಯಾಡ್ರಿ." ನನ್ನ ಡಿಗ್ರಿಯ ದಿನ ನಾನು ನಡೆದದ್ದಕ್ಕಿಂತ ಎದೆಯುಬ್ಬಿಸಿ ಕಾಕಾ ಹೊರಗೆ ಬಂದರು.

ಮಧ್ಯಾಹ್ನ ಚರಗ ಎಂದು ಕೇಳಿ ಊರ ಹಿರಿಯರೊಬ್ಬರು ತಲೆಯಾಡಿಸಿದರು. "ಹಿಂಗ ಎಲ್ಲರ ಐತೇನ?"

"ಯಾಕ್ರಿ, ಭೂಮ್ತಾಯಿಗೆ ಮಧ್ಯಾಹ್ನ ಹಸಿವಿ ಆಗಂಗಿಲ್ಲೇನ?"

ಬಿಸಿಲು ಇಳಿಮುಖವಾದಾಗ ಹೊರಟೆವು. ಕಾಕಾನ ತಲೆಗೆ ರುಮಾಲು, ಕಣ್ಣಿಗೆ ಬೈಕಿನವರ ದೊಡ್ಡ ಗಾಗಲ್, ಮೂಗಿಗೆ ಮಾಸ್ಕು. "ಚರಗ ಚೆಲ್ಲಾಕ ಹೊಂಟಾರೋ ಜೇನ ಬಿಡಸಾಕೋ!" ಎಂದರು ಕಾಕು. ಆದರೆ ಬುಟ್ಟಿ ಹೊರಿಸಿದ್ದು ಅವರೇ.

"ಹುಲ್ಲುಲ್ಲಿಗೋ!" ಮಾಸ್ಕಿನೊಳಗಿಂದ ಕೂಗು ಸಣ್ಣಗೆ ಬಂತು. "ಚಲ್ಲಂಬರಿಗೋ!" ಎಂದೆವು. ಅನ್ನ ಬೆಳೆಗೇ ಬಿತ್ತು. ಒಂದು ಬದಿ ಮುಗಿಯಿತು, ಎರಡನೆಯದೂ. ಸೀನಿಲ್ಲ! ಅಳಿಯ ಮಾತ್ರ ಸ್ವಲ್ಪ ದೂರವೇ ಉಳಿದಿದ್ದ.

ಮೂರನೆಯ ಮೂಲೆಯಲ್ಲಿ, ಜೋಳದ ನಡುವೆ, ಅಪ್ಪನ ಗದ್ದಿಗೆ ಇದೆ. ನಮ್ಮವರನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಕಾಕಾ ಅಲ್ಲಿ ನಿಂತರು. ಬುಟ್ಟಿ ಕೆಳಗಿಟ್ಟರು. ಗಾಗಲ್ ತೆಗೆದರು. ಮಾಸ್ಕಿಗೆ ಕೈ ಹಾಕಿದರು.

"ಕಾಕಾ! ಡಾಕ್ಟರ್ ಏನ್ ಹೇಳ್ಯಾರ?" ನಾನು ಓಡಿಹೋದೆ.

"ತಡಿಬೇ. ಅಣ್ಣಗ ಗುರ್ತ ಸಿಗಬ್ಯಾಡೇನ?"

ಮಾಸ್ಕು ಇಳಿಸಿದರು. ಒಂದು ಕಡಬು, ಒಂದು ತುತ್ತು ಅನ್ನ ಗದ್ದಿಗೆಯ ಮೇಲಿಟ್ಟು, "ಅಣ್ಣಾ, ನಾನ ಬಂದೇನಿ ನೋಡ. ಉಣ್ಣು" ಎಂದರು.

ಜೇಬಿನ ಪಂಪು ಇದೆಯೇ ಎಂದು ಕಣ್ಣಲ್ಲೇ ನೋಡಿಕೊಂಡು ನಾನು ಪಕ್ಕದಲ್ಲಿ ನಿಂತೆ. ಅವರ ಕಣ್ಣಿನಿಂದ ನೀರು ಇಳಿಯಿತು. ಪರಾಗ ಹೊಕ್ಕರೆ ಅವರಿಗೆ ಮೊದಲು ಸೀನು, ಕಣ್ಣೀರು ಆಮೇಲೆ. ನಾನು ಕಾದೆ. ಸೀನು ಬರಲಿಲ್ಲ.

"ಈ ಮೂಲ್ಯಾಗ ಜ್ವಾಳದ ಹೂವು ಬಾಳ ಐತಿ ನೋಡ," ಎಂದರು ಕಾಕಾ, ಆ ಕಡೆ ತಿರುಗಿ.

ಸಸ್ಯಶಾಸ್ತ್ರ ಓದಿದ ನಾನು ಒಪ್ಪಿಕೊಂಡೆ. "ಹೌದ್ರಿ ಕಾಕಾ. ಬಾಳ ಐತಿ."